ಗಾಳದ ಕೋಲನ್ನು ಕೊಳ್ಳುವುದಕ್ಕೆ ಮುಂಚೆ

ಬೇಸಗೆಯ ರಜೆ ಸಮೀಪಿಸಿದಂತೆಲ್ಲ ಮನೆಯ ಹುಡುಗರಿಗೆ ಒಂದೊಂದು ಹಂಬಲ ಹುಟ್ಟುವುದು ಸಹಜವಷ್ಟೆ. ಈಚಿನ ವರ್ಷಗಳಲ್ಲಿ ಈ ಹಂಬಲಗಳ ಸಾಲಿಗೆ ಮೀನಿನ ಗಾಳವೂ ಬಂದು ಸೇರಿದೆ. ಕೈಯಲ್ಲಿನ ಮೊಬೈಲಿನ ಪರದೆಯ ಮೇಲೆ ದೂರದೇಶದವನೊಬ್ಬನು ದೋಣಿಯಲ್ಲಿ ನಿಂತು, ಬಣ್ಣದ ರಬ್ಬರಿನ ಹುಳುವೊಂದನ್ನು ನೀರಿಗೆಸೆದು, ಮರುಕ್ಷಣದಲ್ಲಿಯೇ ಮೊಳದುದ್ದದ ಮೀನನ್ನೆತ್ತುವುದನ್ನು ಕಂಡ ಬಾಲಕನು ಮರುದಿನ ಬೆಳಗಾಗುವಷ್ಟರಲ್ಲಿ ತಂದೆಯ ಮುಂದೆ ಬಂದು ನಿಲ್ಲುವನು. ಕೋಲು ಬೇಕು, ರೀಲು ಬೇಕು, ಹನ್ನೆರಡು ಬಣ್ಣದ ಎರೆಗಳಿರುವ ಪೆಟ್ಟಿಗೆ ಬೇಕು. ಹಣವನ್ನು ತೆರತಕ್ಕವರು ತಂದೆತಾಯಿಗಳಾದುದರಿಂದ ಈ ತಿಂಗಳ ನಮ್ಮ ಮಾತು ಮುಖ್ಯವಾಗಿ ಅವರಿಗಾಗಿ. ಮೀನನ್ನು ಮುಟ್ಟದ ಮನೆಯ ವಾಚಕರು ಈ ಪುಟವನ್ನು ಮಗುಚಿಬಿಡಬೇಕಾಗಿಲ್ಲ. ನಾವು ಹೇಳಬೇಕೆಂದಿರುವುದರಲ್ಲಿ ಅಡುಗೆಮನೆಯ ಪ್ರಸ್ತಾಪ ತೀರ ಕಡಮೆ. ನದಿಯ ಪ್ರಸ್ತಾಪವೇ ಹೆಚ್ಚು.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕಾಗಿದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಕಣ್ಸೆಳೆಯುವ ಈ ಹುಸಿಯೆರೆಗಳು, ಎಂದರೆ ಮರ, ಲೋಹ, ರಬ್ಬರುಗಳಿಂದ ಮೀನಿನಂತೆಯೋ ಕಪ್ಪೆಯಂತೆಯೋ ಮಾಡಿ ಗಾಳ ಕಟ್ಟಿದ ಬೊಂಬೆಗಳು, ಬಹುಮಟ್ಟಿಗೆ ಬಾಸ್ ಎಂಬ ಮೀನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಬಾಸ್ ಉತ್ತರ ಅಮೆರಿಕದ ಕೆರೆ ತೊರೆಗಳ ಮೀನು. ನಮ್ಮ ಕಾವೇರಿಯಲ್ಲಾಗಲಿ ಕಪಿಲೆಯಲ್ಲಾಗಲಿ ಮೈಸೂರಿನ ಸುತ್ತಣ ಕೆರೆಗಳಲ್ಲಾಗಲಿ ಅದು ವಾಸಿಸುವುದಿಲ್ಲ. ಇಲ್ಲದ ಮೀನಿಗೆ ಹನ್ನೆರಡು ಬಣ್ಣದ ಎರೆಯನ್ನು ಕೊಳ್ಳುವುದು, ಹೆಣ್ಣು ನಿಶ್ಚಯವಾಗುವುದಕ್ಕೆ ಮುಂಚೆ ಬೀಗರಿಗೆ ಉಡುಗೊರೆಯನ್ನು ಕೊಂಡಿಟ್ಟಂತೆಯೇ ಸರಿ. ಎರೆ ಹಿಡಿದು ಬರುವ ಬೇಟೆಗಾರ ಮೀನುಗಳು ನಮ್ಮಲ್ಲಿ ಇಲ್ಲವೆಂದಲ್ಲ. ನಿಂತ ನೀರಿನಲ್ಲಿ ಕೊರವ ಇದೆ; ಇದನ್ನು ಮುರೆಲ್ ಎಂದೂ ಕರೆಯುವರು. ಹರಿಯುವ ನೀರಿನಲ್ಲಿ ಮಹಶೀರ್ ಇದೆ; ಹೊಳೆಯಂಚಿನ ನಮ್ಮ ಜನ ಇದಕ್ಕೆ ಬಿಳಿಮೀನೆಂದೂ ಹರಗಿಯೆಂದೂ ಹೇಳುವುದುಂಟು. ಇವೆರಡರ ನಡತೆಯನ್ನು ತಿಳಿದ ಬಳಿಕವೇ ಅಂಗಡಿಯ ಮೆಟ್ಟಲನ್ನು ಹತ್ತತಕ್ಕದ್ದು.

ಮೀನಿಗೆ ತಕ್ಕ ಎರೆ ಎಂಬ ಈ ಮಾತು ಪರದೇಶದಿಂದ ಬಂದ ಹೊಸ ವಿದ್ಯೆಯೇನೂ ಅಲ್ಲ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ, ಅರಸರ ವಿನೋದಗಳನ್ನು ವಿವರಿಸುವ ಸಂದರ್ಭದಲ್ಲಿ, ಮತ್ಸ್ಯವಿನೋದಕ್ಕೂ ಒಂದು ಪ್ರಕರಣ ಮೀಸಲಾಗಿದೆ. ಯಾವ ಯಾವ ಮೀನು, ಅದು ವಾಸಿಸುವ ನೀರು ಎಂಥದು, ಅದಕ್ಕೆ ಯಾವ ಎರೆ, ದಾರವೂ ಕೋಲೂ ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬಂದಿದೆ. ಭಾರತದ ಮತ್ಸ್ಯಶಾಸ್ತ್ರಜ್ಞರಲ್ಲಿ ಹೆಸರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣದ ಮೇಲೆ ಒಂದು ಲೇಖನವನ್ನೇ ಬರೆದರು. ಕನ್ನಡನಾಡಿನ ಅರಸನೊಬ್ಬನು ಗಾಳದ ದಾರದ ವಿಚಾರವನ್ನು ರಾಜನೀತಿಯೊಡನೆ ಒಂದೇ ಗ್ರಂಥದಲ್ಲಿ ಸೇರಿಸಿದ್ದನ್ನು ನೆನೆದರೆ, ಈ ಪುಟದಲ್ಲಿ ನಾವು ಅದನ್ನು ಕುರಿತು ಬರೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲವೆಂದು ತೋರುತ್ತದೆ.

ಎಂಟು ಹತ್ತು ವರ್ಷದ ಮಗುವಿಗೆ ರೀಲೇ ಬೇಡ. ಮಗುವಿನ ಎತ್ತರದ ಎರಡರಷ್ಟು ಉದ್ದದ, ತುದಿಯಲ್ಲಿ ಬಳುಕುವ ಬಿದಿರಿನ ಕೋಲು. ಅದರಷ್ಟೇ ಉದ್ದದ ತೆಳು ನೈಲಾನ್ ದಾರ. ನವಿಲುಗರಿಯ ದಂಟಿನ ಒಂದು ಬೆಂಡು. ಅದರ ಕೆಳಗೆ ಮೆಣಸಿನ ಕಾಳಿನಷ್ಟು ತೂಕ. 10ನೆಯ ಅಳತೆಯ ಒಂದು ಸಣ್ಣ ಗಾಳ. ಎರೆಹುಳುವಿಗೆ ಹಿತ್ತಲು, ಹಿಟ್ಟಿನ ಗುಳಿಗೆಗೆ ಅಡುಗೆಮನೆ. ಕೆರೆಗಳಲ್ಲಿ ತುಂಬಿಹೋಗಿರುವ ಜಿಲೇಬಿ ಮೀನಿಗೆ ಇಷ್ಟೇ ಸಾಕು. ಆಫ್ರಿಕದ ಮೂಲದ ಈ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು. ಅದು ಕಾಲಿಟ್ಟ ಕೆರೆಯಲ್ಲಿ ಮಿಕ್ಕ ಮೀನಿಗೆ ಎಡೆಗೊಡದಂತೆ ಬೆಳೆಯುವುದರಿಂದ, ಮಗು ಅದನ್ನು ಹಿಡಿದು ಮನೆಗೆ ತಂದರೆ ಕೆರೆಗೆ ನಷ್ಟವೇನಿಲ್ಲ. ಬೆಂಡು ಮುಳುಗುವುದನ್ನು ನೋಡುತ್ತ ಒಂದು ಗಳಿಗೆ ಸುಮ್ಮನೆ ಕುಳಿತಿರಲಾರದ ಹುಡುಗನಿಗೆ ಸಾವಿರ ರೂಪಾಯಿಯ ಕೋಲು ಕೊಟ್ಟರೂ ಅಷ್ಟೆ.

ಇನ್ನು ಕೊರವ. ಬಾಸ್ ಮೀನಿಗಾಗಿ ಮಾಡಿದ ಸಾಮಾನಿನಲ್ಲಿ ನಮ್ಮ ನಾಡಿಗೆ ನಿಜವಾಗಿಯೂ ಒಪ್ಪುವುದು ಈ ಮೀನಿನ ವಿಷಯದಲ್ಲಿ ಮಾತ್ರ. ಕೊರವನು ನೀರಿನೊಳಗಿನ ಉಸಿರಿನಿಂದಲೇ ತೃಪ್ತನಾಗದೆ ಆಗಾಗ್ಗೆ ಮೇಲಕ್ಕೆ ಬಂದು ಗಾಳಿಯನ್ನು ನುಂಗತಕ್ಕವನು. ಆದುದರಿಂದಲೇ ಇತರ ಮೀನು ಬದುಕಲಾರದ ಬಿಸಿ ನೀರಿನಲ್ಲಿಯೂ, ತಾವರೆ ಅಂತರಗಂಗೆಗಳ ಅಡಿಯ ಕೊಳೆ ನೀರಿನಲ್ಲಿಯೂ ಸುಖವಾಗಿರುವನು. ಎಲೆಯ ನೆರಳಿನಲ್ಲಿ ಕದಲದೆ ಹೊಂಚಿದ್ದು, ಮೇಲೆ ಹಾದುಹೋಗುವ ಕಪ್ಪೆಯನ್ನು ಒಂದೇ ನೆಗೆತಕ್ಕೆ ಹಿಡಿಯುವನು. ಹೀಗಿರುವಲ್ಲಿ ಎರೆಯನ್ನಾರಿಸುವುದು ಕಷ್ಟವಲ್ಲ. ಒಳಗೆ ಟೊಳ್ಳಾದ ಮೆತು ರಬ್ಬರಿನ ಕಪ್ಪೆ, ಅದರ ಬೆನ್ನಿಗೆ ಒತ್ತಿಕೊಂಡಂತೆ ಮೇಲ್ಮುಖವಾಗಿರುವ ಜೋಡಿ ಗಾಳ. ಗಾಳದ ಮೊನೆ ಮೈಯಲ್ಲಿ ಹುದುಗಿರುವುದರಿಂದ ಎಲೆಗೆ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ. ಮೀನು ಕಚ್ಚಿದಾಗ ಮೈ ಅಮುಕಿ ಮೊನೆ ಹೊರಬೀಳುತ್ತದೆ. ಕೊಳ್ಳುವಾಗ ಬೆರಳಿನಿಂದ ಅಮುಕಿ ನೋಡುವುದು. ಸಲೀಸಾಗಿ ಅಮುಕದಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಉತ್ತಮ. ಬಣ್ಣದ ವಿಚಾರದಲ್ಲಿ ಅಂಗಡಿಯವನು ಎಷ್ಟು ಹೇಳಿದರೂ ಕೇಳಬೇಕಾದದ್ದು ಸ್ವಲ್ಪವೇ. ಕೆಳಗಿನಿಂದ ನೋಡುವ ಮೀನಿಗೆ ಬೆಳಕಿನ ಆಕಾಶದ ಎದುರು ಕಪ್ಪೆಯ ಆಕಾರ ಕಾಣುವುದಲ್ಲದೆ ಅದರ ಬೆನ್ನಿನ ಚಿತ್ತಾರ ಕಾಣುವುದಿಲ್ಲ. ಒಂದು ಕಪ್ಪು, ಒಂದು ಹಸುರು, ಎರಡೇ ಸಾಕು.

ಕೋಲು ಏಳು ಅಡಿಗೆ ಮೀರದೆ ಬಿರುಸಾಗಿರಲಿ. ದಾರವು ಹೆಣೆದದ್ದಾಗಿ, 30ರಿಂದ 50 ಪೌಂಡಿನ ಎಳೆತವನ್ನು ತಡೆಯುವಂಥದಾಗಿರಲಿ. ಮೀನು ಅಷ್ಟು ತೂಗುವುದೆಂದಲ್ಲ; ಅದು ಕಚ್ಚಿದೊಡನೆ ತಾವರೆಯ ದಂಟುಗಳ ನಡುವೆ ನುಗ್ಗುವುದರಿಂದ ಮೀನಿನೊಡನೆ ಅರ್ಧ ಹೊರೆ ಸೊಪ್ಪನ್ನೂ ಎಳೆಯಬೇಕಾಗುತ್ತದೆ. ನೀರು ಚಿಮ್ಮಿದ ಕ್ಷಣವೇ ಕೋಲನ್ನೆತ್ತುವವನಿಗೆ ಬರಿಯ ಕಪ್ಪೆ ಹಾರಿ ಮುಖಕ್ಕೆ ಬರುತ್ತದೆ. ಒಂದೆರಡು ಎಣಿಸಿ, ದಾರ ಬಿಗಿದ ಮೇಲೆ ಎತ್ತತಕ್ಕದ್ದು.

ಆದರೆ ಮಳೆಗಾಲದಲ್ಲಿ ಒಂದು ದೃಶ್ಯ ಕಂಡರೆ ಕೋಲನ್ನು ಮಡಿಸಿಬಿಡಬೇಕು. ನೀರಿನ ಮೇಲ್ಮೈಯಲ್ಲಿ ನೂರಾರು ಎಳೆಮೀನುಗಳ ಗುಂಪೊಂದು ಮಳೆಹನಿ ಬಿದ್ದಂತೆ ಮಿಣುಮಿಣುಗುಟ್ಟುತ್ತ ಸಾಗುತ್ತಿರುತ್ತದೆ. ಅದರ ಅಡಿಯಲ್ಲಿಯೇ ತಾಯಿತಂದೆಗಳು ಕಾವಲಿರುತ್ತವೆ. ಆಗ ಅವು ಹಸಿವಿನಿಂದಲ್ಲ, ಮರಿಗಳ ಮೇಲಿನ ಮಮತೆಯಿಂದ ಎದುರಿಗೆ ಬಂದುದನ್ನೆಲ್ಲ ಕಚ್ಚುವುದರಿಂದ ಅವನ್ನು ಹಿಡಿಯುವುದು ಬಹಳ ಸುಲಭ. ಕಾವಲು ತಪ್ಪಿದ ಗುಂಪನ್ನು ಇತರ ಮೀನುಗಳು ಅಲ್ಪಕಾಲದಲ್ಲಿ ಮುಗಿಸಿಬಿಡುತ್ತವೆ. ಒಂದು ಗಾಳಕ್ಕೆ ಒಂದು ಸಂಸಾರವೇ ಹೋದಂತಾಯಿತು. ಇದನ್ನು ಸಾಹಸವೆಂದು ಚಿತ್ರ ತೆಗೆದು ಹಂಚುವವರನ್ನು ನಾವು ಮೆಚ್ಚಲಾರೆವು.

ಮಹಶೀರಿನ ಮಾತಿಗೆ ಬಂದರೆ ಲೇಖನಿ ಸ್ವಲ್ಪ ನಿಧಾನವಾಗುತ್ತದೆ. ಪ್ರಪಂಚದ ಗಾಳಗಾರರಿಗೆ ಮೈಸೂರಿನ ಹೆಸರು ಪರಿಚಿತವಾದುದು ಅರಮನೆಯಿಂದಲ್ಲ, ಈ ಮೀನಿನಿಂದ. ಈ ಆಟದ ಆದಿಗ್ರಂಥವೂ ನಮ್ಮ ನಾಡಿಗೇ ಸೇರಿದ್ದು: ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವರು ಬರೆದ ಗಾಳವಿದ್ಯೆಯ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. 1919ರ ಡಿಸೆಂಬರಿನಲ್ಲಿ ರಿವೆಟ್ ಕಾರ್ನಾಕ್ ಎಂಬುವರಿಗೆ ಕಾವೇರಿಯಲ್ಲಿ 119 ಪೌಂಡಿನ ಮೀನು ದೊರೆಯಿತು. 1946ರ ಮಾರ್ಚ್ 22ರಂದು, ಪ್ರಾಣಿಗಳ ತೊಗಲಿಗೆ ಜೀವಕಳೆ ಕೊಡುವ ಕಸುಬಿನಲ್ಲಿ ಜಗತ್ಪ್ರಸಿದ್ಧರಾಗಿದ್ದ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ನರು ಕಪಿಲೆಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದರು. 120 ಪೌಂಡೆಂದರೆ ಸುಮಾರು 54 ಕಿಲೋ. ಬೆಳೆದ ಮನುಷ್ಯನೊಬ್ಬನ ತೂಕ. ಕೋಲು ದಾರಗಳಿಂದ ಹಿಡಿದ ಮಹಶೀರುಗಳಲ್ಲಿ ಅತ್ಯಂತ ದೊಡ್ಡವುಗಳ ಸಾಲಿಗೆ ಅದು ಸೇರುತ್ತದೆ.

ಹೀಗೆ ಬೆಳೆಯುತ್ತಿದ್ದುದು ಗೂನುಬೆನ್ನಿನ, ಕಿತ್ತಳೆಬಣ್ಣದ ರೆಕ್ಕೆಗಳ ಮಹಶೀರ್. ಇದು ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಅಲ್ಲದೆ ಬೇರೆಲ್ಲಿಯೂ ಇಲ್ಲ. ಜಗತ್ತಿಗೆಲ್ಲ ತಿಳಿದಿದ್ದ ಈ ಮೀನಿಗೆ ಒಂದು ಖಚಿತವಾದ ಶಾಸ್ತ್ರನಾಮವೇ ಇರಲಿಲ್ಲವೆಂದರೆ ವಾಚಕರು ಆಶ್ಚರ್ಯಪಡಬಹುದು. ಅದು ಟಾರ್ ರೆಮಾದೇವಿ ಎಂದು ನಿರ್ಣಯವಾದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಅಪಾಯದ ವರ್ಗಕ್ಕೆ ಸೇರಿತು. ನಾಮಕರಣವೂ ಮರಣಭಯವೂ ಒಂದೇ ವರ್ಷದಲ್ಲಿ!

ಇದು ಕ್ಷೀಣಿಸುತ್ತಿದೆಯೆಂದು ತೋರಿಸಿಕೊಟ್ಟುದು ಯಾವುದು? ಗಾಳಗಾರರ ದಿನಚರಿ. ಕಾವೇರಿಯ ದಂಡೆಯ ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ, ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಎಂಬುದನ್ನು ತಪ್ಪದೆ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಮಿಕ್ಕ ಮೀನುಗಳ ಲೆಕ್ಕ ಅದರಲ್ಲಿತ್ತು. ಹಿಡಿದುದೆಲ್ಲವನ್ನೂ ಮರಳಿ ನೀರಿಗೆ ಬಿಟ್ಟಿದ್ದರು. ಆ ಲೆಕ್ಕವನ್ನು ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ತಿಳಿದುದೇನೆಂದರೆ, ಒಟ್ಟು ಮೀನಿನ ಸಂಖ್ಯೆ ಏರುತ್ತಿದ್ದಿತು, ಗೂನುಬೆನ್ನಿನದು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದಿತು. ಅದರ ಸ್ಥಳವನ್ನು ಆಕ್ರಮಿಸುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಅದು ಮೂಲತಃ ಕೃಷ್ಣಾ ನದಿಯ ಕಡೆಯದು. ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ ಅನೇಕ ನದಿಗಳಿಗೆ ಬಿಟ್ಟ ಮೀನು. ಅಣೆಕಟ್ಟು, ಮರಳು ತೆಗೆಯುವಿಕೆ, ಮಡುವಿಗೆ ತೋಟೆಯೆಸೆದು ಮರಿ ಮೊಟ್ಟೆಗಳೊಡನೆ ಎಲ್ಲವನ್ನೂ ಕೊಲ್ಲುವ ದುರಾಚಾರ, ಇವೂ ಜೊತೆಗಿದ್ದುವು.

2012ರ ಸುಮಾರಿಗೆ ವನ್ಯಜೀವಿ ಕಾನೂನಿನ ಕಾರಣದಿಂದ ಕಾವೇರಿ ವನ್ಯಧಾಮದೊಳಗಿನ ಗಾಳದಾಟ ನಿಂತಿತು. ನಿಲ್ಲಿಸಿದುದು ನ್ಯಾಯವೆ? ಅಭಯಾರಣ್ಯವೆಂದ ಮೇಲೆ ಹುಲಿಗೊಂದು ನೀತಿ, ಮೀನಿಗೊಂದು ನೀತಿ ಎಲ್ಲಿಯದು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಶಿಬಿರವಿದ್ದಷ್ಟು ಕಾಲ ಹೊಳೆಯ ದಂಡೆಯಲ್ಲಿ ಹಗಲಿರುಳು ಕಣ್ಣುಗಳಿದ್ದುವು. ಸುತ್ತಿನ ಹಳ್ಳಿಗಳವರಲ್ಲಿ ಕೆಲವರಿಗೆ ಮೀನು ಜೀವದಿಂದಿರುವುದರಲ್ಲಿಯೇ ಸಂಬಳವಿದ್ದಿತು. ತೋಟೆಗಿಂತಲೂ ಲೆಕ್ಕದ ಪುಸ್ತಕವನ್ನಿಟ್ಟುಕೊಂಡ ಗಾಳವು ಹೊಳೆಗೆ ಎಷ್ಟೋ ಪಾಲು ಮೇಲಾದ ನೆಂಟನೆಂಬುದು ನಮ್ಮ ಅಭಿಪ್ರಾಯ. ಅದು ಹೇಗೇ ಇರಲಿ, ಕಾನೂನನ್ನು ಮೀರುವುದಕ್ಕೆ ಯಾರಿಗೂ ನಾವು ಸಲಹೆ ಕೊಡಲಾರೆವು. ವನ್ಯಧಾಮದ ಗಡಿಯೊಳಗೆ ಅರಣ್ಯ ಇಲಾಖೆಯನ್ನು ವಿಚಾರಿಸದೆ ಕೋಲನ್ನು ಒಯ್ಯಬಾರದು. ಮಿಕ್ಕ ಕೆರೆ ಜಲಾಶಯಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೋ ಸಹಕಾರ ಸಂಘಕ್ಕೋ ಕೊಟ್ಟಿರುವುದುಂಟಾದುದರಿಂದ ಮೀನುಗಾರಿಕೆ ಇಲಾಖೆಯನ್ನೂ ಗುತ್ತಿಗೆದಾರನನ್ನೂ ಕೇಳಿ ಹೊರಡುವುದು ಲೇಸು. ರಂಗನತಿಟ್ಟು ಕಾರಂಜಿಕೆರೆಗಳು ಹಕ್ಕಿಗಳ ಬೀಡು. ಅಲ್ಲಿ ಗಾಳದ ಆಸೆಯೇ ಬೇಡ. ರಾಮನಾಥಪುರ, ಶೃಂಗೇರಿ, ಶಿಶಿಲಗಳಲ್ಲಿ ದೇವರ ಮೀನೆಂದು ಜನರು ಅಕ್ಕಿ ಪುರಿಗಳನ್ನೆಸೆಯುವ ಮಡುಗಳಲ್ಲಿ ಮಹಶೀರನ್ನು ಬೇಕಾದಷ್ಟು ಸಮೀಪದಿಂದ ನೋಡಬಹುದು. ಮಕ್ಕಳಿಗೆ ಅದನ್ನೊಮ್ಮೆ ತೋರಿಸಿಕೊಂಡು ಬಂದ ಬಳಿಕ ಕೋಲಿನ ಮಾತು ಎತ್ತಬಹುದು.

ಅನುಮತಿಯುಳ್ಳ ನೀರಿನಲ್ಲಿ ಮಹಶೀರಿಗಾಗಿ ಗಾಳ ಹಾಕುವವನು ಏನನ್ನು ಕೊಳ್ಳಬೇಕು? ಹಿಡಿದುದು ಯಾವ ಜಾತಿಯದಾದರೂ ಬದುಕಿ ಮರಳಬೇಕು ಎಂಬ ಒಂದೇ ಸೂತ್ರದಿಂದ ಉತ್ತರ ದೊರೆಯುತ್ತದೆ. ಗಾಳದಿಂದಲೇ ಆರಂಭಿಸೋಣ. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನೊಳಗೆ ಇವೆ. ಏಡಿಯ ಚಿಪ್ಪನ್ನೂ ಬಸವನಹುಳುವಿನ ಓಡನ್ನೂ ಅಲ್ಲಿಟ್ಟು ನುಚ್ಚುನೂರು ಮಾಡತಕ್ಕ ಬಲ ಅದಕ್ಕುಂಟು. ಅಗ್ಗದ ತಂತಿಯ ಗಾಳವನ್ನು ಅದು ಬಗ್ಗಿಸಿಬಿಡುತ್ತದೆ. ಆದುದರಿಂದ ಕಾಯಿಸಿ ಬಡಿದು ಚಪ್ಪಟೆ ಮಾಡಿದ ದಪ್ಪ ಗಾಳವೇ ಆಗಬೇಕು. ಗಾಳದ ಅಳತೆಯ ಸಂಖ್ಯೆ ಹೆಚ್ಚಿದಂತೆ ಗಾಳ ಚಿಕ್ಕದಾಗುತ್ತದೆ. 1ರಿಂದಾಚೆಗೆ 1/0, 2/0 ಎಂದು ಮತ್ತೆ ದೊಡ್ಡದಾಗುತ್ತದೆ. ರಾಗಿಯ ಉಂಡೆಗೆ 4/0ದಿಂದ 6/0ದವರೆಗಿನದು ಸರಿಹೋಗುತ್ತದೆ. ಮೊನೆಯ ಹಿಂದೆ ಚಿಕ್ಕದೊಂದು ಹಿಮ್ಮುಳ್ಳಿರುತ್ತದೆಯಷ್ಟೆ, ಅದನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಬಿಡತಕ್ಕದ್ದು. ದಾರವನ್ನು ಸಡಿಲಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಬಿಡಿಸುವಾಗ ಮಾತ್ರ ತುಟಿ ಹರಿಯದೆ ನಿಮಿಷದೊಳಗೆ ಬಿಡುಗಡೆಯಾಗುತ್ತದೆ. ಚಮಚೆಯಂತೆ ತಿರುಗುವ ಲೋಹದ ಹುಸಿಯೆರೆಗೆ ಮೂರು ಮೊನೆಯ ಗಾಳವಿದ್ದರೆ ಅದನ್ನು ಕಳಚಿ ಒಂಟಿ ಗಾಳವನ್ನು ಹಾಕಿಕೊಳ್ಳಬೇಕು. ಮೂರು ಮೊನೆಯಲ್ಲಿ ಒಂದು ತುಟಿಗೆ ಹೊಕ್ಕರೆ ಇನ್ನೊಂದು ಕಿವಿರಿಗೋ ಕಣ್ಣಿಗೋ ಹೊಗುವ ಸಂಭವವುಂಟು.

ಎರೆಯಲ್ಲಿ ರಾಗಿಯನ್ನು ಮೀರಿಸಿದುದನ್ನು ಯಾವ ಕಾರಖಾನೆಯೂ ಮಾಡಿಲ್ಲ. ಹಳೆಯ ಮೈಸೂರಿನವರಿಗೆ ಇದನ್ನು ಕಲಿಸಬೇಕಾಗಿಲ್ಲ: ರಾಗಿಯ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ ಆರಿಸುವುದು. ಊಟದ ಮುದ್ದೆಗಿಂತ ಬಿಗಿಯಾಗಿರಬೇಕು. ಇಲ್ಲವಾದರೆ ಸಣ್ಣ ಮೀನುಗಳು ಕಿತ್ತು ತಿಂದು ಗಾಳವನ್ನು ಬರಿದುಮಾಡುತ್ತವೆ. ವಾಸನೆಗೆ ಎಣ್ಣೆ, ಸೋಂಪು, ಇಂಗು ಎಂದು ಒಬ್ಬೊಬ್ಬರದು ಒಂದೊಂದು ರಹಸ್ಯ. ಭಾರಕ್ಕಾಗಿ ಕಟ್ಟುವ ತೂಕವನ್ನು ಮೂಲದಾರಕ್ಕೆ ಸೇರಿಸದೆ, ಅದಕ್ಕಿಂತ ದುರ್ಬಲವಾದ ತುಂಡುದಾರದಿಂದ ತೂಗಬಿಡಬೇಕು. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ತೂಕವೊಂದೇ ಹೋಗಿ ಮೀನೂ ದಾರವೂ ಉಳಿಯುತ್ತವೆ.

ತೆಳುವಾದ ದಾರದಿಂದ ದೊಡ್ಡ ಮೀನನ್ನು ದಣಿಸಿ ಹಿಡಿಯುವುದೇ ವೀರವೆಂದು ಕೆಲವು ಪುಸ್ತಕಗಳು ಹೊಗಳುತ್ತವೆ. ನಮ್ಮ ಬೇಸಗೆಯ ಹೊಳೆಗೆ ಆ ಶಾಸ್ತ್ರ ಹೊಂದುವುದಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಮೆ. ಗಂಟೆಗಟ್ಟಲೆ ಹೋರಾಡಿದ ಮೀನು ಬಿಡುಗಡೆ ಹೊಂದಿದರೂ ಬದುಕದೆಹೋಗಬಹುದು. ದಾರ ತುಂಡಾದರಂತೂ ಬಾಯಲ್ಲಿ ಗಾಳ, ಬೆನ್ನ ಹಿಂದೆ ಹತ್ತು ಮಾರು ನೈಲಾನ್! ಆದುದರಿಂದ 30ರಿಂದ 40 ಪೌಂಡಿನ ದಾರ, ರೀಲಿನಲ್ಲಿ 200 ಮೀಟರಿಗೆ ಕಡಮೆಯಿಲ್ಲದಂತೆ. ಕೋಲು ಒಂಬತ್ತರಿಂದ ಹನ್ನೊಂದು ಅಡಿ. ಮೀನು ಮೊದಲ ಓಟದಲ್ಲಿಯೇ ಪ್ರವಾಹವನ್ನು ಸೇರಿಕೊಂಡು ನೂರು ಗಜ ಎಳೆಯುತ್ತದೆ. ಆಗ ರೀಲು ತಾನಾಗಿ ದಾರವನ್ನು ಬಿಡುವಂತೆ ಅದರ ಬಿಗಿಯನ್ನು ಮುಂಚೆಯೇ ಅಳವಡಿಸಿರಬೇಕು. ದಾರದ ತುದಿಗೆ ಮನೆಯ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಎಳೆದು ನೋಡಿ, ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ರೀಲು ಬಿಚ್ಚಿಕೊಳ್ಳುವಂತಿದ್ದರೆ ಸರಿ.

ಮೀನನ್ನು ದಡಕ್ಕೆಳೆದು ಮರಳಿನ ಮೇಲೆ ಹೊರಳಿಸಬಾರದು. ತುಟಿಗೆ ಹಗ್ಗ ಪೋಣಿಸಿ ಕಟ್ಟಿಹಾಕಬಾರದು. ಗಂಟಿಲ್ಲದ ಬಲೆಯಲ್ಲಿ ನೀರಿನಲ್ಲಿಯೇ ನಿಲ್ಲಿಸಿ, ಕೈಯನ್ನು ಒದ್ದೆ ಮಾಡಿಕೊಂಡು ಗಾಳವನ್ನು ತೆಗೆದು, ಮುಖವನ್ನು ಪ್ರವಾಹದ ಎದುರಿಗೆ ತಿರುಗಿಸಿ, ತಾನಾಗಿ ಬಾಲ ಬೀಸಿ ಹೋಗುವವರೆಗೆ ಮೆಲ್ಲನೆ ಆತುಕೊಂಡಿರಬೇಕು. ಹೋದ ಮೇಲೆ ತಾರೀಖು, ಸ್ಥಳ, ಕಳೆದ ಹೊತ್ತು, ರೆಕ್ಕೆಯ ಬಣ್ಣ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಪುಸ್ತಕದ ಬೆಲೆ ಪೆಟ್ಟಿಗೆಯ ಸಾಮಾನುಗಳಲ್ಲೆಲ್ಲ ಕಡಮೆ.

ಮನೆಯ ಹಿರಿಯರಿಗೆ ಇನ್ನೆರಡು ಮಾತು. ಈಗಿನ ಕೋಲುಗಳು ಬಹುಪಾಲು ಕಾರ್ಬನ್ನಿನವು. ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ವಿದ್ಯುತ್ತಿನ ತಂತಿಯ ಕೆಳಗೆ ಅದನ್ನೆತ್ತಿ ಹಿಡಿಯುವುದೂ ಸಿಡಿಲಿನ ಮೋಡವಿರುವಾಗ ಬಯಲಿನಲ್ಲಿ ನಿಲ್ಲುವುದೂ ಪ್ರಾಣಾಪಾಯ. ತುಂಡಾದ ದಾರವನ್ನು ಗಿಡಗಂಟೆಗಳ ಮೇಲೆ ಬಿಟ್ಟುಬಂದರೆ ಕೊಕ್ಕರೆ ಹೆಜ್ಜಾರ್ಲೆಗಳ ಕಾಲಿಗೆ ಅದು ಉರುಲು. ಜೇಬಿಗೆ ಹಾಕಿಕೊಂಡು ಬಂದು ತುಂಡುತುಂಡಾಗಿ ಕತ್ತರಿಸಿ ಕಸಕ್ಕೆ ಹಾಕುವುದು. ಎಸೆಯುವವನ ಹಿಂದೆ ತಮ್ಮನನ್ನೋ ತಂಗಿಯನ್ನೋ ನಿಲ್ಲಿಸಬಾರದು. ಗಾಳವು ಬೆರಳಿಗೆ ನಾಟಿದರೆ, ಹಿಮ್ಮುಳ್ಳನ್ನು ಒತ್ತಿದ್ದ ಪಕ್ಷದಲ್ಲಿ ಬಂದ ದಾರಿಯಲ್ಲಿಯೇ ಹೊರಕ್ಕೆ ಜಾರುತ್ತದೆ. ಒತ್ತಿಲ್ಲದಿದ್ದರೆ ಎಳೆಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಕಣ್ಣಿನ ಸಮೀಪವಾದರೆ ಯಾವ ಪಕ್ಷದಲ್ಲಿಯೂ ಮುಟ್ಟಲೇಬಾರದು. ಧನುರ್ವಾಯುವಿನ ಚುಚ್ಚುಮದ್ದು ಎರಡರಲ್ಲಿಯೂ ವಿಚಾರಿಸಬೇಕಾದದ್ದೇ. ಮನೆಗೆ ಬಂದ ಬಳಿಕ ರೀಲನ್ನು ಒದ್ದೆಬಟ್ಟೆಯಿಂದ ಒರಸಿ, ಬಿಗಿಯ ತಿರುಪನ್ನು ಸಡಿಲಿಸಿ, ಗಾಳಗಳನ್ನು ಬೆಂಡಿನ ತುಂಡಿಗೆ ಚುಚ್ಚಿ, ಅಂಬೆಗಾಲಿಡುವ ಮಕ್ಕಳಿಗೆ ಎಟುಕದ ಅಟ್ಟದ ಮೇಲಿಡುವುದು.